ಹಿಪೊಕ್ಯಾಂಪಸ್ಸಿಗೆ ಟ್ಯೂಷನ್

ನನ್ನ ಸ್ಕೂಟರಿನ ಕೀ ಸೊಸೆಯ ಬೀರು ಸೇರಿದೆ ಎಂದು ನನಗೆ ತಿಳಿದದ್ದು ಒಂದು ಶನಿವಾರ ಬೆಳಿಗ್ಗೆ, ಹೆಲ್ಮೆಟ್ ಹಾಕಿಕೊಂಡು ಬಾಗಿಲ ಪಕ್ಕದ ಮೊಳೆಗೆ ಕೈ ಚಾಚಿದಾಗ. ಮೊಳೆ ಇತ್ತು. ಕೀ ಇರಲಿಲ್ಲ.

“ಅತ್ತೆ, ನೀವು ಬೇಜಾರು ಮಾಡ್ಕೋಬಾರ್ದು,” ಎಂದಳು ಸೊಸೆ, ಅಡುಗೆಮನೆಯಿಂದಲೇ. ನಮ್ಮ ಮನೆಯಲ್ಲಿ ಬೇಜಾರಿನ ಸಂಗತಿಗಳೆಲ್ಲ ಈ ವಾಕ್ಯದಿಂದಲೇ ಶುರುವಾಗುತ್ತವೆ.

ತೀರ್ಪು ಓದಿದವನು ಮಗ. ಬಿಡದಿಯ ಫ್ಯಾಕ್ಟರಿಗೆ ದಿನಾ ರೈಲಿನಲ್ಲಿ ಹೋಗಿಬರುವವನು. ರೈಲಿನ ಟೈಮ್ ಹತ್ತಿರವಾದಾಗ ಮಾತ್ರ ಅವನಿಗೆ ದೊಡ್ಡ ದೊಡ್ಡ ನಿರ್ಧಾರಗಳು ಹೊಳೆಯುತ್ತವೆ. “ಅಮ್ಮಾ, ನಿನ್ನ ಮೆಮೊರಿ ವೀಕ್ ಆಗಿದೆ. ಡಾಕ್ಟರ್ ಹತ್ರ ಒಂದು ಟೆಸ್ಟ್ ಮಾಡಿಸೋಣ. ಪಾಸಾದ್ರೆ ಕೀ ನಿನ್ನದು. ಇಲ್ಲಾಂದ್ರೆ ಗಾಡಿ ಮಾರಿಬಿಡೋಣ.” ಹೀಗೆಂದವನು ಒಂದೇ ಕಾಲಿಗೆ ಶೂ ಹಾಕಿಕೊಂಡು ನಿಂತು, ಇನ್ನೊಂದು ಶೂ ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳಿದ. ಅವನ ಮೆಮೊರಿಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ನನ್ನ ಮೇಲಿದ್ದ ಚಾರ್ಜ್‌ಗಳು ಮೂರು. ಕನ್ನಡಕ ಫ್ರಿಜ್ಜಿನಲ್ಲಿ ಕರಿಬೇವಿನ ಜೊತೆ ಸಿಕ್ಕಿತ್ತು. ಹಾಲು ಒಂದೇ ವಾರದಲ್ಲಿ ಎರಡು ಸಲ ಉಕ್ಕಿತ್ತು. ಮೂರನೆಯದಾಗಿ, ಸೊಸೆಯ ಹೆಸರು ಬಿಟ್ಟು ಅವಳನ್ನು ‘ಕ್ಲಾಸ್ ಲೀಡರ್’ ಎಂದು ಕರೆದಿದ್ದೆ. ಕರೆದದ್ದು ನಿಜ. ಆದರೆ ಅದು ಮರೆವಲ್ಲ, ಡಿಸ್ಕ್ರಿಪ್ಶನ್.

ಯಾರನ್ನು ಯಾರು ಪರೀಕ್ಷೆಗೆ ಕೂರಿಸುತ್ತಿದ್ದಾರೆ ನೋಡಿ. ರಾಮನಗರದ ಹೈಸ್ಕೂಲಿನಲ್ಲಿ ಕೂದಲು ನೆರೆಯುವವರೆಗೆ ಬಯಾಲಜಿ ಪಾಠ ಮಾಡಿದವಳು ನಾನು. ಈ ಊರಿನ ಅರ್ಧ ಜನಕ್ಕೆ ಅವರ ತಲೆಯೊಳಗೆ ಏನೇನಿದೆ ಎಂದು ಹೇಳಿಕೊಟ್ಟಿದ್ದೇನೆ. ಉಳಿದರ್ಧದವರು ಮುಂದೆ ಮೆಂಬರ್‌ಗಳೂ ಪ್ರೆಸಿಡೆಂಟ್‌ಗಳೂ ಆದ್ದರಿಂದ ಅವರಿಗೆ ಆ ಪಾಠದ ಅಗತ್ಯ ಬೀಳಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್ ಮಿದುಳಿನ ಪಾಠವನ್ನು ಪ್ರೇಯರ್ ರಾಗದಲ್ಲಿ ಹೇಳಿಸುತ್ತಿದ್ದರು: ಸೆರೆಬ್ರಮ್ ಥಿಂಕ್ಸ್, ಸೆರೆಬೆಲ್ಲಮ್ ಬ್ಯಾಲೆನ್ಸಸ್, ಮೆಡುಲ್ಲಾ ಬ್ರೀದ್ಸ್. ಕೊನೆಗೆ ಅಭ್ಯಾಸಬಲದಿಂದ ಯಾರಾದರೊಬ್ಬರು ‘ಆಮೆನ್’ ಎನ್ನುತ್ತಿದ್ದರು. ಕ್ಲಾಸಿನಲ್ಲಿ ಕನ್ನಡ ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನ್ನ ಕನ್ನಡವಂತೂ ಬಹಳ ವರ್ಷ ಆ ಬೆಂಚಿನಿಂದ ಕೆಳಗಿಳಿಯಲೇ ಇಲ್ಲ. ಕೆಲಸ ಸಿಕ್ಕಿದ್ದು ಮಾತ್ರ ಕನ್ನಡ ಮೀಡಿಯಮ್ ಶಾಲೆಯಲ್ಲಿ. ಮೊದಲ ದಿನ ಪುಸ್ತಕ ತೆರೆದರೆ ಮುಮ್ಮೆದುಳು, ಹಿಮ್ಮೆದುಳು, ಮಹಾಮಸ್ತಿಷ್ಕ, ಅನುಮಸ್ತಿಷ್ಕ! ಯಾವುದೋ ರಾಜವಂಶದ ಅಣ್ಣತಮ್ಮಂದಿರ ಹೆಸರುಗಳ ಹಾಗೆ ಕಂಡವು. ರಾತ್ರಿಯಿಡೀ ಉರು ಹೊಡೆದು, ಬೆಳಿಗ್ಗೆ ಹುಟ್ಟಿನಿಂದ ಗೊತ್ತಿದ್ದವಳ ಹಾಗೆ ಪಾಠ ಮಾಡಿದೆ. ಆ ಬೆಳಗಿನ ಸೀಮೆಸುಣ್ಣದ ವಾಸನೆ ಈಗಲೂ ಮೂಗಿನಲ್ಲಿದೆ. ನಿನ್ನೆ ಮಧ್ಯಾಹ್ನ ಉಂಡ ಸಾರು ಯಾವುದೆಂದು ಕೇಳಬೇಡಿ.

ಆ ಶಾಲೆಯಲ್ಲಿ ಪ್ಲಾಸ್ಟರಿನ ಮಿದುಳೊಂದಿತ್ತು, ಬಿಡಿಭಾಗಗಳಾಗಿ ಬಿಚ್ಚಿ ಜೋಡಿಸುವಂಥದ್ದು. ಅದನ್ನು ಸ್ಟೋರ್ ರೂಮಿನಿಂದ ಕ್ಲಾಸಿಗೆ ಹೊತ್ತು ತರುತ್ತಿದ್ದವಳು ಕೈಲಾಂಚದ ಕಡೆಯ ಅಟೆಂಡರಮ್ಮ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಂದು ದಿನ ಮೆಟ್ಟಿಲಿನಲ್ಲಿ ಎಡವಿದಳು. ಅನುಮಸ್ತಿಷ್ಕ, ಎಂದರೆ ಸಿಸ್ಟರ್ ಹೇಳಿಸುತ್ತಿದ್ದ ಸೆರೆಬೆಲ್ಲಮ್, ಪುಡಿಪುಡಿಯಾಯಿತು. ಹೆಡ್‌ಮಾಸ್ಟರಿಗೆ ಹೆದರಿ ಎರಡು ದಿನ ರಜ ಹಾಕಿದವಳು ಮೂರನೆಯ ದಿನ ಚನ್ನಪಟ್ಟಣದ ಬುಗುರಿಯೊಂದನ್ನು ಅರ್ಧಕ್ಕೆ ಕೊಯ್ಸಿಕೊಂಡು ಬಂದು, ಖಾಲಿ ಜಾಗಕ್ಕೆ ಅಂಟಿಸಿಬಿಟ್ಟಳು. ಕೆಂಪು ಅರಗಿನ ಬಣ್ಣ, ಮುಖ ಕಾಣುವಷ್ಟು ಹೊಳಪು.

“ಯಾರ್ಗೂ ಗೊತ್ತಾಗಕಿಲ್ಲ ಬುಡಿ ಮೇಡಮ್ಮೋರೆ,” ಎಂದಳು.

ಗೊತ್ತಾಗಲಿಲ್ಲ. ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರು ಇಡೀ ಮಾಡೆಲ್ಲಿನಲ್ಲಿ ಆ ಒಂದು ಭಾಗವನ್ನೇ ಮುಟ್ಟಿ ನೋಡಿ, “ವೆರಿ ಲೈಫ್‌ಲೈಕ್” ಎಂದರು. ಅಲ್ಲಿಂದಾಚೆಗೆ ಮಕ್ಕಳು ಉತ್ತರಪತ್ರಿಕೆಯಲ್ಲಿ ‘ಅನುಮಸ್ತಿಷ್ಕವು ಕೆಂಪಗೆ ಹೊಳೆಯುತ್ತದೆ’ ಎಂದು ಬರೆಯತೊಡಗಿದರು. ನಾನು ಮಾರ್ಕ್ಸ್ ಕೊಟ್ಟೆ. ಕೊಡದೆ ಏನು ಮಾಡಲಿ, ಕಣ್ಣಾರೆ ಕಂಡದ್ದನ್ನು ಬರೆದಿದ್ದರು.

ರಿಟೈರ್ ಆದ ಮೇಲೆ ನಾನು ಪ್ರತಿ ಶನಿವಾರ ಸ್ಕೂಟರಿನಲ್ಲಿ ಹೋಗುತ್ತಿದ್ದದ್ದು ಅವಳ ಮನೆಗೇ. ಮನೆ ಹಿಂದೆ ಹಿಪ್ಪುನೇರಳೆ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ, ತೀರಿಹೋದ ಹೆಡ್‌ಮಾಸ್ಟರುಗಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಬೈದು ಮತ್ತೆ ಮಲಗಿಸುತ್ತಿದ್ದೆವು. ಬಸ್ಸಿಲ್ಲ ಎಂದಲ್ಲ. ಆದರೆ ಬಸ್ಸಿನಲ್ಲಿ ನಾನು ಯಾರೋ ಒಬ್ಬ ಅಜ್ಜಿ, ಕಂಡಕ್ಟರು ರಟ್ಟೆ ಹಿಡಿದು ಹತ್ತಿಸುವ ಲಗೇಜು. ಸ್ಕೂಟರಿನಲ್ಲಿ ಹೋದರೆ ಹಳೆಯ ಸ್ಟೂಡೆಂಟುಗಳು ರಸ್ತೆ ಬದಿಯಲ್ಲಿ ಎದ್ದು ನಿಂತು “ಮೇಡಂ” ಎನ್ನುತ್ತಾರೆ. ಆ ಕೀ ಹೋದರೆ ಹೋಗುವುದು ಅದು.

ಹಾಗಾಗಿ ವಾದ ಮಾಡಿದೆ. “ಸ್ಕೂಟರ್ ಓಡಿಸೋದು ಸೆರೆಬೆಲ್ಲಮ್ ಕಣೋ. ಬ್ಯಾಲೆನ್ಸು ಅದರ ಡಿಪಾರ್ಟ್‌ಮೆಂಟು. ಕನ್ನಡಕ ಎಲ್ಲಿಟ್ಟೆ ಅನ್ನೋದು ಹಿಪೊಕ್ಯಾಂಪಸ್ಸು. ಒಂದು ಇಲಾಖೆ ತಪ್ಪಿಗೆ ಇನ್ನೊಂದು ಇಲಾಖೆಯವರನ್ನ ಸಸ್ಪೆಂಡ್ ಮಾಡ್ತಾರೇನೋ?”

“ಅಮ್ಮಾ, ಟ್ರೈನಿಗೆ ಲೇಟಾಯ್ತು,” ಎಂದು ಮಗ ಹೊರಟೇಬಿಟ್ಟ.

ವಾದ ಚೆನ್ನಾಗಿತ್ತು. ಅದರಲ್ಲೊಂದು ತೂತಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು.

ಎರಡು ವಾರದ ಹಿಂದೆ ಕೈಲಾಂಚಕ್ಕೆಂದು ಹೊರಟಿದ್ದೆ. ಗಾಡಿ ಸೊಗಸಾಗಿ ಓಡಿತು. ಇಂಡಿಕೇಟರ್ ಹಾಕಿದೆ, ಹಾರ್ನ್ ಹೊಡೆದೆ, ಲಾರಿಗೆ ದಾರಿ ಬಿಟ್ಟೆ. ತಲೆಯೆತ್ತಿ ನೋಡಿದರೆ ಎದುರಿಗೆ ಕೆಂಗಲ್ ಆಂಜನೇಯನ ಗುಡಿ! ಮೈಸೂರು ರಸ್ತೆಯಲ್ಲಿದ್ದೆ. ಕೈಲಾಂಚದ ದಾರಿಯೇ ಬೇರೆ. ಅಲ್ಲಿಗೆ ಹೇಗೆ ಬಂದೆ, ಮನೆ ಯಾವ ಕಡೆಗಿದೆ, ಒಂದೂ ತೋಚಲಿಲ್ಲ. ಎರಡೂ ಕಡೆ ರಸ್ತೆ ಉದ್ದಕ್ಕೆ ಮಲಗಿತ್ತು, ಎರಡೂ ಒಂದೇ ಥರ ಕಾಣುತ್ತಿತ್ತು. ಕಾಯಿ ಮಾರುವ ಹೆಂಗಸು, “ದರ್ಸನಕ್ಕಾ ಅಮ್ಮಾ?” ಎಂದಳು. “ಹೂಂ” ಎಂದೆ. ಒಳಗೆ ಹೋಗಿ ಕಂಬಕ್ಕೊರಗಿ ಕೂತೆ. ಮಂಗಳಾರತಿ ಆಗುವಷ್ಟರಲ್ಲಿ ದಾರಿ ತಾನಾಗಿಯೇ ತಲೆಗೆ ವಾಪಸ್ ಬಂತು. ಕುಂಕುಮ ತೆಗೆದುಕೊಂಡು ಮನೆಗೆ ಬಂದು, ಗುಡಿಗೆ ಹೋಗಿದ್ದೆ ಎಂದೆ. ಕಾನ್ವೆಂಟಿನ ಅತ್ತೆಗೆ ಕೊನೆಗೂ ಭಕ್ತಿ ಬಂತೆಂದು ಸೊಸೆಗೆ ಕಣ್ಣಲ್ಲಿ ನೀರು. ಮಾಗಡಿಯಲ್ಲಿರುವ ತವರಿಗೆಲ್ಲ ಫೋನ್ ಮಾಡಿ ಹೇಳಿದಳು.

ಹಿಪೊಕ್ಯಾಂಪಸ್ ಎಂಬ ಆ ಪುಟ್ಟ ಭಾಗ, ಕಡಲಕುದುರೆಯ ಆಕಾರದ್ದು, ನೆನಪನ್ನು ಜೋಡಿಸಿಡುವುದಷ್ಟೇ ಅಲ್ಲ, ಓಡಾಡುವ ದಾರಿಯ ಮ್ಯಾಪನ್ನೂ ಇಟ್ಟುಕೊಂಡಿರುತ್ತದೆ. ಸ್ಕೂಟರಿನ ಫೈಲಿಗೆ ಅದರ ಸಹಿಯೂ ಬೇಕು. ಇದನ್ನು ಮಗನಿಗೆ ಹೇಳಲಿಲ್ಲ. ಅವನು ನನ್ನ ಸ್ಟೂಡೆಂಟೇ. ಆ ಪಾಠದ ದಿನ ಕ್ರಿಕೆಟ್ ಆಡಲು ಹೋಗಿದ್ದ.

ಅಂದು ಬಸ್ಸಿನಲ್ಲೇ ಕೈಲಾಂಚಕ್ಕೆ ಹೋದೆ. ಕಂಡಕ್ಟರು ರಟ್ಟೆ ಹಿಡಿದೇ ಹತ್ತಿಸಿದ. ಅಟೆಂಡರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪರೀಕ್ಷೆಯ ಸಂಗತಿ ಹೇಳಿದೆ. ಕೆಂಗಲ್ಲಿನದು ಹೇಳಲಿಲ್ಲ.

“ಪರೀಕ್ಸೆ ಅಂದ್ಮೇಲೆ ಓದ್ಕೊಂಡೋಗದಲ್ವಾ?” ಎಂದಳು ಅವಳು, ಏನೂ ಆಗಿಲ್ಲವೆಂಬಂತೆ. “ಅದ್ಕ್ಯಾಕೆ ಮೊಕ ಇಂಗ್ ಮಾಡ್ಕೊಂಡಿದ್ದೀರಿ?”

“ಮೆಮೊರಿ ಟೆಸ್ಟಿಗೆ ಏನೇ ಓದೋದು?”

“ಕೊಸ್ಚನ್ ಪೇಪರ್ರು ನನ್ತವ ಐತೆ.”

ಇತ್ತು. ಅವಳ ಬೀಗಿತ್ತಿಯನ್ನು, ಎಂದರೆ ಮಗಳ ಅತ್ತೆಯನ್ನು, ಕನಕಪುರದಿಂದ ಇದೇ ಡಾಕ್ಟರ ಬಳಿಗೆ ಕರೆತಂದಿದ್ದರಂತೆ. ರಾಮನಗರಕ್ಕೆ ವಾರಕ್ಕೊಮ್ಮೆ ಬರುವ ನರದ ಡಾಕ್ಟರು ಅವರೊಬ್ಬರೇ. ಇವಳು ಪಕ್ಕದಲ್ಲೇ ಕೂತು ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡಿದ್ದಳು.

“ಮೊದ್ಲು ಮೂರು ಪದ ಯೋಳ್ತಾರೆ. ಮಾವು, ಕುರ್ಚಿ, ಕೊಡೆ. ಒಸಿ ಹೊತ್ತು ಬುಟ್ಟು ಏನ್ ಯೋಳ್ದೆ ಅಂತ ಕೇಳ್ತಾರೆ. ಆಮೇಕೆ ಇದ್ಯಾವ ಋತು ಅಂತಾರೆ. ನಮ್ ಬೀಗಿತ್ತಿ ‘ಅವರೆಕಾಯಿ ಕಾಲ’ ಅಂದ್ಲು, ಅದ್ಕೆ ಇಂಟು ಹಾಕ್ಬುಟ್ರು. ತಪ್ಪೇನಿತ್ತು ಯೋಳಿ ಅದ್ರಲ್ಲಿ? ಗಡಿಯಾರ ಬರೀರಿ ಅಂದ್ರು. ಮನೇಲೇ ಒಂದೈತೆ, ಇನ್ನೊಂದ್ಯಾಕೆ ಅಂದ್ಲು. ನೂರರಾಗೆ ಏಳು ಕಳೀರಿ ಅಂದ್ರು. ಯಾರ್ಗ್ ಕೊಟ್ರಿ ಏಳ್ನ ಅಂತ ಅವ್ಳೇ ಕೇಳುದ್ಲು.”

“ಫೇಲಾ?”

“ಫೇಲೇ ಮತ್ತೆ. ಆದ್ರೂವೆ ಮನೆ ಸೊಸೇರಿಗೆಲ್ಲ ಕೆಲ್ಸ ಯೋಳಿ ಮಾಡುಸ್ತಾವ್ಳೆ, ಒಂದೂ ಮರೆಯಕಿಲ್ಲ.”

ಅಂದಿನಿಂದ ಟ್ಯೂಷನ್ ಶುರು. ಮೂರು ಶನಿವಾರ. ನಾನು ಚಾಪೆಯ ಮೇಲೆ, ಅವಳು ಜಗಲಿಯ ಮೇಲೆ, ಕೈಯಲ್ಲಿ ಹಸು ಹೊಡೆಯುವ ಕೋಲು. ಅಷ್ಟು ವರ್ಷ ನನ್ನ ಮಿದುಳನ್ನು ಹೊತ್ತು ತಂದವಳಿಗೆ ಅದರ ಮೇಲೆ ಅಧಿಕಾರ ಇದ್ದೇ ಇತ್ತು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಮಗ್ಗಿಯ ರಾಗಕ್ಕೆ ಕೂಡಿಸಿದ ಮೇಲೆ ನಾಲಿಗೆ ತಾನಾಗಿಯೇ ಓಡಿತು. ಲೆಕ್ಕ ಮಾಡುವ ಭಾಗ ಹಾಯಾಗಿ ನಿದ್ದೆ ಹೋಯಿತು. ಗಡಿಯಾರವನ್ನು ನೆಲದ ಮೇಲೆ ಇದ್ದಿಲಿನಿಂದ ಬರೆದೆ.

“ಮುಳ್ಳು ಸಣ್ಣುದ್ಯಾವ್ದು ದೊಡ್ಡುದ್ಯಾವ್ದು? ನೆಟ್ಗೆ ಬರೀರಿ! ಇಂಗ್ ಬರುದ್ರೆ ಯಾರ್ ಕೊಟ್ಟಾರು ಮಾರ್ಕ್ಸು?” ಎಂದು ಕೋಲು ಕುಟ್ಟಿದಳು.

ನನ್ನ ಹಳೆಯ ಮಾತುಗಳೇ. ಯಾವ ಕ್ಲಾಸಿನ ಬಾಗಿಲಲ್ಲಿ ನಿಂತು ಕಲಿತಿದ್ದಳೋ.

ಪರೀಕ್ಷೆಯ ದಿನ ಸೊಸೆ ನನಗೆ ಮೊಸರು ಸಕ್ಕರೆ ತಿನ್ನಿಸಿದಳು. ಅಷ್ಟರಲ್ಲೇ ತಿಳಿಯಿತು, ಮನೆಯವರಿಗೂ ಇದು ಬೋರ್ಡ್ ಎಕ್ಸಾಮ್ ಆಗಿಬಿಟ್ಟಿದೆ ಎಂದು. ಮಗ ರಜ ಹಾಕಿದ್ದ. “ಟೆನ್ಷನ್ ಮಾಡ್ಕೋಬೇಡ, ಗೊತ್ತಿರೋದನ್ನ ಮೊದ್ಲು ಬರಿ,” ಎಂದ. ಅವನು ಟೆಂತ್ ಬರೆದಾಗ ನಾನು ಹೇಳಿದ್ದ ಮಾತು.

ಡಾಕ್ಟರು ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮಿದುಳು, ಅದರ ತಲೆಯ ಮೇಲೆ ಅವರ ಕಾರಿನ ಕೀ. ನಾನು, “ಗುಡ್ ಮಾರ್ನಿಂಗ್ ಡಾಕ್ಟರ್, ಐ ಹೋಪ್ ಐ ಆ್ಯಮ್ ನಾಟ್ ಲೇಟ್” ಎಂದೆ, ಸಿಸ್ಟರ್ ಕಲಿಸಿದ್ದ ಉಚ್ಚಾರದಲ್ಲಿ. ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು. ನಮ್ಮ ಕಡೆ ಇಂಗ್ಲಿಷ್ ಸರಿಯಾಗಿ ಬಂದರೆ ಮಿದುಳೂ ಸರಿಯಾಗಿದೆ ಎಂದೇ ಲೆಕ್ಕ. ಪಾಪ, ಆ ಬೀಗಿತ್ತಿಗೆ ಬರುತ್ತಿದ್ದದ್ದು ಅವರೆಕಾಯಿ ಮಾತ್ರ.

“ಮೂರು ಪದ ಹೇಳ್ತೀನಿ ಮೇಡಂ. ಮಾವು, ಕುರ್ಚಿ...”

‘ಕೊಡೆ’ ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ. ಏಳು ಕಳೆದೆ. ಗಡಿಯಾರ ಬರೆದೆ. ಋತು ಯಾವುದೆಂದರೆ, “ವಿಂಟರ್, ಥೋ ಒನ್ ಹಾರ್ಡ್‌ಲಿ ಫೀಲ್ಸ್ ಇಟ್” ಎಂದೆ. ನಡುವೆ ಅವರಿಗೊಂದು ಫೋನ್ ಬಂತು. ಮಾತಾಡಿ ಮುಗಿಸಿ, ಫೈಲ್ ಮಡಚಿ, “ಓಕೆ ಮೇಡಂ, ಎಕ್ಸಲೆಂಟ್” ಎಂದರು.

“ಡಾಕ್ಟರ್, ಮೂರು ಪದ ನೀವು ಕೇಳಲೇ ಇಲ್ಲ.”

“ಓ! ಸಾರಿ, ಮರೆತೇಬಿಟ್ಟೆ.”

ಹೇಳಿದೆ. ಫುಲ್ ಮಾರ್ಕ್ಸ್. ನಿಮ್ಮ ತಾಯಿಯ ಬ್ರೈನ್ ನನ್ನದಕ್ಕಿಂತ ಚೆನ್ನಾಗಿದೆ ಎಂದು ಮಗನಿಗೆ ಸರ್ಟಿಫಿಕೇಟ್ ಕೊಟ್ಟರು. ಮಗ ದಾರಿಯಲ್ಲಿ ಮೈಸೂರು ಪಾಕ್ ಕೊಂಡ. ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಎದುರುಮನೆಯವರು ಯಾರದೋ ಪರೀಕ್ಷೆಯ ರಿಸಲ್ಟು ಬಂತೆಂದು ತಿಳಿದು, “ಎಷ್ಟು ಪರ್ಸೆಂಟ್?” ಎಂದರು. ಸೊಸೆ ಸ್ಕೂಟರ್ ತೊಳೆಸಿ, ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕೀಯನ್ನು ಎರಡೂ ಕೈಯಲ್ಲಿ ಕೊಟ್ಟಳು. ತಗೊಂಡೆ. ಇಷ್ಟು ಸಂಭ್ರಮದ ನಡುವೆ ಸತ್ಯ ಹೇಳುವುದು ಒಳ್ಳೆಯ ಮ್ಯಾನರ್ಸ್ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಶನಿವಾರ ಹೊರಟೆ. ನಿಂಬೆಹಣ್ಣು ಪಚಕ್ಕೆಂದಿತು. ಬಿಸಿಲು ಎಳಸಾಗಿತ್ತು, ಗಾಳಿ ಹಿತವಾಗಿತ್ತು, ಹಳೆಯ ಸ್ಟೂಡೆಂಟೊಬ್ಬ ಟೀ ಅಂಗಡಿಯಿಂದ ಎದ್ದು ನಿಂತು “ಮೇಡಂ” ಎಂದ. ಊರು ದಾಟಿ, ರಸ್ತೆ ಕವಲೊಡೆಯುವ ಜಾಗಕ್ಕೆ ಬಂದು ಬ್ರೇಕ್ ಹಿಡಿದೆ.

ಯಾವ ಕಡೆ?

ಗಾಡಿ ಒಂದಿಷ್ಟೂ ಅಲುಗಲಿಲ್ಲ. ಕಾಲು ನೆಲಕ್ಕೆ ಸರಿಯಾಗಿ ಊರಿತ್ತು, ಬೆನ್ನು ನೆಟ್ಟಗಿತ್ತು. ದಾರಿ ಮಾತ್ರ ಇರಲಿಲ್ಲ. ಮಾವು, ಕುರ್ಚಿ, ಕೊಡೆ, ತೊಂಬತ್ತಮೂರು, ಎಂಬತ್ತಾರು. ಕೇಳದಿದ್ದರೂ ಅವೇ ಸಾಲಾಗಿ ಬಂದು ನಿಂತವು. ಸಿಲಬಸ್ಸಿನಲ್ಲಿ ಇದ್ದದ್ದೆಲ್ಲ ಇತ್ತು. ಎಷ್ಟೋ ವರ್ಷ ಹೋಗಿಬಂದ ದಾರಿ ಸಿಲಬಸ್ಸಿನಲ್ಲಿರಲಿಲ್ಲ.

ಈ ಸಲ ಹತ್ತಿರದಲ್ಲಿ ಗುಡಿಯೂ ಇರಲಿಲ್ಲ. ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಅಟೆಂಡರಮ್ಮನಿಗೆ ಫೋನ್ ಮಾಡಿದೆ. ಕವಲುದಾರಿಯ ಹುಣಸೆಮರದ ಹತ್ತಿರ ಇದ್ದೀನಿ, ದಾರಿ ತಿಳೀತಿಲ್ಲ ಎಂದೆ. ಅವಳು ನಗಲಿಲ್ಲ. “ಅಲ್ಲೇ ಕೂತಿರಿ. ಎಲ್ಲೂ ಓಗ್‌ಬ್ಯಾಡಿ. ಬಸ್ಸಿಗ್ ಬತ್ತೀನಿ,” ಎಂದಳು.

ಅರ್ಧ ಗಂಟೆಯಲ್ಲಿ ಬಸ್ಸಿಳಿದು ಬಂದಳು, ಸೆರಗಿಗೆ ಅಂಟಿದ್ದ ಹುಲ್ಲನ್ನೂ ಕೊಡವಿರಲಿಲ್ಲ. ನಾನು ಕೆಂಗಲ್ಲಿನದನ್ನೂ ಹೇಳಿದೆ.

“ಕಾಪಿ ಹೊಡೆದು ಪಾಸಾದೆ ಕಣೇ.”

“ಕಾಪಿ ಕೊಟ್ಟೋಳ್ ನಾನಲ್ವಾ, ನನ್ನೂ ಡಿಬಾರ್ ಮಾಡಿ.” ಪಕ್ಕದಲ್ಲಿ ಕುಕ್ಕರಿಸಿ ಕೂತಳು. ನನ್ನ ಕಡೆ ನೋಡದೆ ಅಂದಳು: “ಯಾವ್ದಾರ ಲಾರಿ ಕೆಳುಕ್ ಬಿದ್ದಿದ್ರೆ? ಕೆಂಗಲ್ದು ಅವತ್ತೇ ಯೋಳಿದ್ರೆ ನಾನ್ ಪಾಠ ಮಾಡ್ತಿದ್ನಾ? ಏಳಿ, ಮನೆಗೋಗವ. ಸೊಸೆ ಮುಂದೆ ನೀವೇ ಯೋಳ್ಬೇಕು, ನಾ ಯೋಳಕಿಲ್ಲ.”

ಹಿಂದೆ ಕೂತು, ನನ್ನ ಭುಜ ಹಿಡಿದು, “ಸೀದಾ... ಇಲ್ಲಿ ಎಡುಕ್ಕೆ... ನಿಧಾನ್ಕೆ” ಎಂದು ಹೇಳುತ್ತಾ ಬಂದಳು. ರಾಮನಗರದೊಳಗಿನ ನನ್ನದೇ ಬೀದಿಯನ್ನು ಅವಳೇ ತೋರಿಸಿಕೊಟ್ಟಳು.

ಸೊಸೆ ಗೇಟಿನಲ್ಲಿದ್ದಳು. ಹೆಲ್ಮೆಟ್ ತೆಗೆಯುವ ಮೊದಲೇ ಎಲ್ಲ ಹೇಳಿಬಿಟ್ಟೆ, ತೆಗೆದರೆ ಧೈರ್ಯ ಹೋದೀತೆಂದು. ಕೆಂಗಲ್, ಲೀಕಾದ ಪ್ರಶ್ನೆಗಳು, ಟ್ಯೂಷನ್, ಕವಲುದಾರಿ. ಕೀಯನ್ನು ಅವಳ ಕೈಗಿಟ್ಟೆ. ಬೈಯುತ್ತಾಳೆ ಎಂದುಕೊಂಡೆ.

“ಹಂಗಾದ್ರೆ ಅವತ್ತು ಭಕ್ತಿ ಬಂದಿದ್ದಲ್ವಾ ಅತ್ತೆ?” ಎಂದಳು. ಅವಳಿಗೆ ಎಲ್ಲಕ್ಕಿಂತ ನೋವಾದದ್ದು ಅದು. ತವರಿಗೆಲ್ಲ ಹೇಳಿಬಿಟ್ಟಿದ್ದಳಲ್ಲ.

ಮತ್ತೆ ಡಾಕ್ಟರ ಬಳಿ ಹೋದೆವು, ಸಪ್ಲಿಮೆಂಟರಿ ಪರೀಕ್ಷೆಗೆ. ನಾನೇ ಎಲ್ಲ ಹೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೊಸ ಮೂರು ಪದ ಕೊಟ್ಟರು. ಒಂದೇ ನೆನಪಿತ್ತು: ಕಿಟಕಿ. ಉಳಿದೆರಡನ್ನು ಇಲ್ಲಿ ಬರೆಯೋಣವೆಂದರೆ ಇವತ್ತಿಗೂ ಗೊತ್ತಿಲ್ಲ. ಮಾವು, ಕುರ್ಚಿ, ಕೊಡೆಯನ್ನು ಮಾತ್ರ ಚಿತೆಯ ಮೇಲೂ ಹೇಳುತ್ತೇನೇನೋ. ಇದು ಶುರುವಷ್ಟೇ, ಮಾತ್ರೆ ಕೊಡುತ್ತೇನೆ, ಸ್ಕ್ಯಾನ್ ಮಾಡಿಸಿ, ಗಾಡಿ ಮಾತ್ರ ಇನ್ನು ಬೇಡ ಎಂದರು. “ಯೆಸ್ ಡಾಕ್ಟರ್” ಎಂದೆ. ಉಚ್ಚಾರದಿಂದ ಈ ಸಲ ಏನೂ ಪ್ರಯೋಜನವಾಗಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ, ಗಾಡಿಯನ್ನು ಯಾರಿಗೆ ಮಾರುವುದೆಂದು ಮಗ ಲೆಕ್ಕ ಹಾಕುತ್ತಿದ್ದ. ಸೊಸೆ ಹೊರಗೆ ನೋಡುತ್ತಾ ಕೇಳಿದಳು: “ಅತ್ತೆ, ಸ್ಕೂಟರ್ ಕಲಿಯೋಕೆ ಎಷ್ಟು ದಿನ ಬೇಕು?”

ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಒಂದು ತಿಂಗಳು ನಾನೇ ಕಲಿಸಿದೆ. ಓಡಲಾರದೆ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕೂತು, “ಚಕ್ರ ನೋಡ್ಬೇಡ, ಮುಂದೆ ನೋಡು! ಯೋಚನೆ ಮಾಡ್ಬೇಡ, ಯೋಚನೆ ಮಾಡೋ ಭಾಗ ಇದಲ್ಲ!” ಎಂದು ಕೂಗುತ್ತಿದ್ದೆ. ನನ್ನ ಸುತ್ತ ಅವಳು ತಿರುಗುತ್ತಿದ್ದಳು, ಮೊದಲ ದಿನಗಳಲ್ಲಿ ನಾಲ್ಕು ಸಲ ಬಿದ್ದಳು, ಎದ್ದು ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಳು, ಆಮೇಲೆ ಬೀಳಲಿಲ್ಲ.

ಈಗ ಶನಿವಾರಗಳಲ್ಲಿ ಅವಳು ಮುಂದೆ, ನಾನು ಹಿಂದೆ. ಕವಲುದಾರಿ ಬಂದಾಗ ಗಾಡಿ ನಿಧಾನ ಮಾಡಿ, “ಅತ್ತೆ, ಈಗ ಎಡಕ್ಕಾ ಬಲಕ್ಕಾ?” ಎಂದು ಕೇಳುತ್ತಾಳೆ. ಅವಳಿಗೆ ದಾರಿ ಚೆನ್ನಾಗಿ ಗೊತ್ತು. ಗೊತ್ತೆಂದು ನನಗೂ ಗೊತ್ತು. ಸರಿಯಾಗಿ ಹೇಳಿದ ದಿನ, “ಹೌದಲ್ವಾ” ಎನ್ನುತ್ತಾಳೆ, ನಾನೇ ಕಲಿಸಿಕೊಟ್ಟೆನೇನೋ ಎಂಬ ಹಾಗೆ.

ಹೋದ ಶನಿವಾರ ತಪ್ಪು ಹೇಳಿದೆ. ಇಂಡಿಕೇಟರ್ ಹಾಕಿ, ಇನ್ನೊಂದು ಕಡೆಗೆ ಮೆಲ್ಲಗೆ ತಿರುಗಿಸಿದಳು. ನಾನೂ ಅವಳ ಜೊತೆಗೇ ಆ ಕಡೆಗೆ ವಾಲಿದೆ.